ಉಳವಿಯಿಂದ ಬರುತ್ತಿದ್ದ ಮೀಟರ್ ಸುದ್ದಿ

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಮಳೆ ಇನ್ನೇನು ಹಿಡಿಯಬೇಕು ಅನ್ನುವಾಗ ನಮ್ಮ ಯಜಮಾನರು ಟ್ರೈಲರ್ ಮೇಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಿಕಾರಿಪುರದಲ್ಲಿ ನಮ್ಮದು ಕಾಳುಕಡಿ ವ್ಯಾಪಾರದ ಮನೆ. ಅಂಗಡಿ ಮಾವನವರ ಕೈಯಲ್ಲಿತ್ತು. ಬಾಡಿಗೆಗೆ ಬಿಡುತ್ತಿದ್ದ ಎರಡು ಟ್ರ್ಯಾಕ್ಟರುಗಳನ್ನು ಯಜಮಾನರು ನೋಡಿಕೊಳ್ಳುತ್ತಿದ್ದರು. ಒಂದು ಉಡುತಡಿ ಸುತ್ತಮುತ್ತ ಓಡುತ್ತಿತ್ತು. ಇನ್ನೊಂದನ್ನು ನಾಟಿ ಮುಗಿಯುವತನಕ ಸೊರಬದ ಆಚೆ ಉಳವಿಯಲ್ಲೇ ಬಿಡುತ್ತಿದ್ದೆವು.

"ಈ ಸಲ ಗಾಡಿ ಎರಡೂ ಬೇರೆ ಯಾರಿಗಾರ ವಹಿಸಿಬಿಡಾಣ" ಅಂದರು ಮಾವ.

"ನಾನು ನೋಡ್ಕಂತೀನಿ" ಅಂದೆ.

ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಟ್ರ್ಯಾಕ್ಟರಿನ ಮೇಲೆ ಕೂತೂ ಗೊತ್ತಿರಲಿಲ್ಲ. ಆದರೂ ಆ ಮಾತು ಹೇಳುವಾಗ ನನಗೆ ಅಳುಕಾಗಲಿಲ್ಲ.

"ನೋಡ್ಕಳಾದು ಅಂದ್ರ ಗದ್ದಿ ಬದುವಿನ ಮ್ಯಾಲೆ ನಿಲ್ಲಬೇಕಮ್ಮ. ದಿನಾ ಉಳವಿಗೆ ಹೋಗಿ ಬರ್ತೀಯೇನು?"

"ನಾನ್ಯಾಕೆ ಹೋಗಲಿ ಮಾವ? ಗಾಡೀನೇ ಹೇಳ್ತೈತಿ."

ಟ್ರ್ಯಾಕ್ಟರಿನ ಸ್ಟೀರಿಂಗಿನ ಮುಂದೆ ಗಾಜಿನೊಳಗೆ ಅವರ್ ಮೀಟರ್ ಅಂತ ಇರುತ್ತದೆ. ಎಂಜಿನ್ ದುಡಿದಷ್ಟು ಹೊತ್ತು ಅದರ ಅಂಕಿ ಮುಂದಕ್ಕೆ ಉರುಳುತ್ತದೆ, ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಆಯಿಲ್ ಬದಲಿಸುವ ಹೊತ್ತು ಬಂತೋ ಇಲ್ಲವೋ ಅಂತ ನೋಡುವುದಕ್ಕೆ ಬಿಟ್ಟರೆ ನಮ್ಮಲ್ಲಿ ಯಾರೂ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ನಾನು ಇಬ್ಬರು ಡ್ರೈವರುಗಳಿಗೂ ಹೇಳಿದೆ: ಸಂಜೆ ಕೆಲಸ ಬಿಟ್ಟ ಮೇಲೆ ಫೋನ್ ಮಾಡಿ ಮೀಟರ್ ಎಷ್ಟಕ್ಕೆ ನಿಂತಿದೆ, ಡೀಸೆಲ್ ಎಷ್ಟು ಹಿಡಿಯಿತು, ಎಷ್ಟು ಗದ್ದೆ ಆಯಿತು, ಈ ಮೂರನ್ನು ತಿಳಿಸಬೇಕು. ಉಳವಿಯ ಡ್ರೈವರು ನಡುವಯಸ್ಸಿನ ಮನುಷ್ಯ, ನಮ್ಮಲ್ಲಿ ಹಳಬ. ಅವನಿಗೆ ಇದು ಹಿಡಿಸಲಿಲ್ಲ.

"ನನ್ನ ಮೇಲೆ ಅನುಮಾನ ಏನ್ರೀ ಅಕ್ಕಾರೆ?"

"ಅನುಮಾನ ಇದ್ದಿದ್ರೆ ಕದ್ದು ನೋಡ್ತಿದ್ದೆ. ನಿಮ್ಮ ಬಾಯಿಂದ್ಲೇ ಕೇಳ್ತಿದೀನಲ್ಲ" ಅಂದೆ. ಅವನು ಚೀಲ ಹೆಗಲಿಗೇರಿಸಿಕೊಂಡು ಉಳವಿಯ ಕಡೆ ಬಸ್ಸು ಹತ್ತಿದ.

ಉಡುತಡಿಯ ಗಾಡಿಯ ಮೀಟರ್ ದಿನವೂ ಚೆನ್ನಾಗಿ ಏರತೊಡಗಿತು. ಉಳವಿಯದು ಅದರ ಅರ್ಧಕ್ಕೂ ಬರಲಿಲ್ಲ. ಕೆರೆ ತುಂಬಿ ಗದ್ದೆಗಳಿಗೆ ನೀರು ಬಿಟ್ಟಿದ್ದರು, ಸಸಿಮಡಿಯಲ್ಲಿ ಸಸಿ ಏಳುತ್ತಿತ್ತು, ಅಲ್ಲಿನ ರೈತರು ಫೋನ್ ಮಾಡಿ "ನಮ್ಮ ಸರದಿ ಯಾವಾಗ್ರೀ?" ಅಂತ ಕೇಳತೊಡಗಿದ್ದರು.

"ಮರದ ನೆರಳಾಗ ಮಲಗಿರ್ತಾನ. ಬ್ಯಾರೆ ಡ್ರೈವರ್ ನೋಡು" ಅಂದರು ಮಾವ.

ಮಂಚದ ಮೇಲಿದ್ದ ಯಜಮಾನರು ಮಾತ್ರ "ಅವನು ಅಂಥೋನಲ್ಲ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಮೀಟರ್ ಕಡಿಮೆ ಏರಿದ ದಿನ ಡೀಸೆಲ್ಲೂ ಅಷ್ಟೇ ಕಡಿಮೆ ಸುಟ್ಟಿತ್ತು. ಯಾರಿಗೂ ಹೇಳದೆ ಗಾಡಿಯನ್ನು ಬೇರೆಯವರ ಕೆಲಸಕ್ಕೆ ಹಚ್ಚಿದ್ದರೆ ಎರಡೂ ಏರಬೇಕಿತ್ತು. ಅಂದರೆ ಕಳ್ಳತನವಿಲ್ಲ, ಹಗಲು ಹೊತ್ತಿನಲ್ಲೇ ಯಾವುದೋ ಕಾರಣಕ್ಕೆ ಎಂಜಿನ್ ಆಫ್ ಆಗಿ ನಿಲ್ಲುತ್ತಿದೆ. ಯಾಕೆ ಅಂತ ಫೋನಿನಲ್ಲಿ ಕೇಳಿದರೆ "ಗಾಲಿ, ಗಾಲಿ" ಅಂದಿದ್ದಷ್ಟೇ ಕೇಳಿಸಿತು, ಲೈನ್ ಕಟ್ಟಾಯಿತು. ಮರುದಿನ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆ. ಸೊರಬದಲ್ಲಿ ಬಸ್ಸು ಬದಲಿಸಿ ಉಳವಿಗೆ ಹೋಗಿ ಇಳಿದೆ.

ಟಾರು ರಸ್ತೆಯ ಪಕ್ಕದಲ್ಲಿ ಟ್ರ್ಯಾಕ್ಟರನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಡ್ರೈವರು ಮೈಯೆಲ್ಲ ಕೆಸರು ಮಾಡಿಕೊಂಡು ಹಿಂದಿನ ಕಬ್ಬಿಣದ ಗಾಲಿ ಬಿಚ್ಚುತ್ತಿದ್ದ. ಕೆಸರುಗದ್ದೆ ಹೊಡೆಯುವುದಕ್ಕೆ ಟೈರು ತೆಗೆದು ಆ ಗಾಲಿ ಹಾಕಬೇಕು. ಅದರಲ್ಲೇ ಓಡಿಸಿದರೆ ಟಾರು ಕಿತ್ತುಬರುತ್ತದೆ, ಹಾಗಾಗಿ ರಸ್ತೆ ದಾಟುವುದಕ್ಕೆ ಅದನ್ನು ಬಿಚ್ಚಿ ಟೈರು ಹಾಕಬೇಕು. ಆಚೆ ಹೋದ ಮೇಲೆ ಮತ್ತೆ ಕಬ್ಬಿಣದ್ದು.

"ಇವತ್ತು ಇದು ಎರಡನೇ ಸಲ" ಅಂದ. ದನಿಯಲ್ಲಿ ಸಿಟ್ಟಿತ್ತು. "ಮೊದಲು ಹೇಳಿದೋರಿಗೆ ಮೊದಲು ಹೊಡಿ ಅಂತ ಯಜಮಾನ್ರು ಹೇಳಿದಾರಲ್ರೀ. ಮೊದಲನೇರ ಗದ್ದೆ ರಸ್ತೆ ಈಚೆ, ಎರಡನೇರದು ಆಚೆ, ಮೂರನೇರದು ಮತ್ತೆ ಈಚೆ. ನಾನೇನ್ ಮಾಡ್ಲಿ?"

ಬಂದ ಕೆಲಸ ಅರ್ಧ ಮುಗಿಯಿತು ಅಂದುಕೊಂಡೆ. ಉಳಿದರ್ಧ ಹಾಲಿನ ಡೈರಿಯ ಮುಂದೆ ನಡೆಯಬೇಕಿತ್ತು. ಸಂಜೆ ಹಾಲು ಹಾಕಲು ಬಂದ ರೈತರ ಮುಂದೆ ವಿಷಯ ಇಟ್ಟೆ. ರಸ್ತೆಯ ಈಚೆಯ ಗದ್ದೆಗಳನ್ನೆಲ್ಲ ಒಂದೇ ಸಮ ಹೊಡೆದು ಮುಗಿಸುವುದು, ಆಮೇಲೆ ಒಂದೇ ಸಲ ಗಾಲಿ ಬದಲಿಸಿ ಆಚೆ ದಾಟುವುದು. ಹೆಚ್ಚಿನವರು ತಲೆಯಾಡಿಸಿದರು. ಒಬ್ಬ ಹಿರಿಯರು ಮಾತ್ರ ಎದ್ದು ನಿಂತರು. ಯಜಮಾನರಿಗೆ ಅವರು ದೂರದ ಸಂಬಂಧದಲ್ಲಿ ಸೋದರಮಾವ ಆಗಬೇಕು. ಅವರ ಗದ್ದೆ ಆಚೆ ಬದಿಯಲ್ಲಿತ್ತು, ಮಾರನೆಯ ದಿನ ಅವರದೇ ಸರದಿ.

"ಇದೆಂಥ ನ್ಯಾಯ ಮಾರಾಯ್ತಿ? ಸಂಬಂಧಿಕರನ್ನ ಕಡೆಗೆ ಹಾಕಿ ಊರೋರಿಗೆಲ್ಲ ಹೊಡೆಸ್ತೀಯಲ್ಲ. ನನ್ನ ಸಸಿ ಬಲಿತು ಹೋದ್ರೆ?"

"ಬಲಿಯಕ್ಕೆ ಬಿಡಲ್ಲ ಮಾವ. ಶುಕ್ರವಾರ ಬೆಳಗ್ಗೆ ಗಾಡಿ ನಿಮ್ಮ ಗದ್ದೇಲಿ ಇರುತ್ತೆ."

"ಅದೆಂಗೆ ಹೇಳ್ತೀ ಅಷ್ಟು ಖಂಡಿತ?"

ಹೇಳುವುದಕ್ಕೆ ಆಧಾರ ನನ್ನ ಹತ್ತಿರ ಇತ್ತು. ಆ ಕೆಸರಿನಲ್ಲಿ ಒಂದು ಎಕರೆಗೆ ಮೀಟರ್ ಎಷ್ಟು ಓಡುತ್ತದೆ ಅನ್ನುವುದು ಇಷ್ಟು ದಿನದ ಫೋನುಗಳಿಂದ ನನಗೆ ಬಾಯಿಪಾಠವಾಗಿತ್ತು. ಈಚೆಯ ಗದ್ದೆಗಳನ್ನು ಒಂದೊಂದಾಗಿ ಎಣಿಸಿ ಅವರ ಮುಂದೆಯೇ ಲೆಕ್ಕ ಹಾಕಿ ತೋರಿಸಿದೆ. ಅವರು ಒಪ್ಪಿದೆ ಅನ್ನಲಿಲ್ಲ. "ಶುಕ್ರವಾರ ನೋಡಾಣ" ಅಂತ ಕ್ಯಾನು ಎತ್ತಿಕೊಂಡು ಹೋದರು.

ಮರುದಿನದಿಂದಲೇ ಉಳವಿಯ ಮೀಟರ್ ಉಡುತಡಿಯದನ್ನು ಹಿಂದೆ ಹಾಕಿತು. ಡ್ರೈವರನ ದನಿಯೂ ಬದಲಾಯಿತು. ನಾನು ಕೇಳುವ ಮೊದಲೇ "ಇವತ್ತು ಎಷ್ಟಿರಬೋದು ಹೇಳ್ರಿ ನೋಡಾಣ" ಅನ್ನುತ್ತಿದ್ದ.

ಗುರುವಾರದ ಫೋನಿನಲ್ಲಿ ಬೇರೆ ಸುದ್ದಿ ಬಂತು. ಮೀಟರ್ ಎಂದಿನಷ್ಟೇ ಓಡಿತ್ತು, ಡೀಸೆಲ್ ಮಾತ್ರ ಬಹಳ ಹೆಚ್ಚು ಹಿಡಿದಿತ್ತು.

"ಎಲ್ಲೋ ಸೋರ್ತಿದೆ. ನೋಡಿದ್ರಾ?" ಅಂದೆ.

"ಹಗಲೆಲ್ಲ ಕೆಸರು ಸಿಡೀತಿರ್ತೈತ್ರಿ, ಎಂಥದೂ ಕಾಣಲ್ಲ. ಗಾಡಿ ಚೆನ್ನಾಗೇ ಎಳೀತೈತೆ."

"ಹಂಗಾದ್ರೆ ಬೆಳಗ್ಗೆ ಸ್ಟಾರ್ಟ್ ಮಾಡಬೇಡಿ. ಮೊದಲನೇ ಬಸ್ಸಿಗೆ ಮೆಕ್ಯಾನಿಕ್ ಕಳಿಸ್ತೀನಿ."

ಶುಕ್ರವಾರ ಬೆಳಗ್ಗೆ ಅಂತ ಎಲ್ಲರೆದುರು ಮಾತು ಕೊಟ್ಟವಳು ನಾನೇ. ಆದರೂ ಆಗಲೇ ಡೈರಿಗೆ ಫೋನ್ ಮಾಡಿ ಆ ಹಿರಿಯರನ್ನು ಕರೆಸಿದೆ. "ಮಾವ, ಗಾಡಿ ಮಧ್ಯಾಹ್ನಕ್ಕೆ ಬರುತ್ತೆ, ಬೆಳಗ್ಗೆಗೆ ಆಗಲ್ಲ. ಆಳುಗಳಿಗೆ ಈಗ್ಲೇ ಹೇಳಿಬಿಡಿ" ಅಂದೆ. ಅವರು ಬೈದರು. ಬೈದು ಮುಗಿಸಿದ ಮೇಲೆ ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿದೆ.

ಮೆಕ್ಯಾನಿಕ್ ಹೋಗಿ ಕೆಸರು ತೊಳೆದು ನೋಡಿದಾಗ ಡೀಸೆಲ್ ಪೈಪು ಜೋಡಣೆಯ ಹತ್ತಿರ ಬಿರುಕು ಬಿಟ್ಟಿತ್ತು. ಹಾಗೇ ಓಡಿಸಿದ್ದರೆ ನಡುಗದ್ದೆಯಲ್ಲಿ ಪೂರ್ತಿ ಕಿತ್ತುಕೊಂಡು ಗಾಡಿ ಅಲ್ಲೇ ಹೂತು ನಿಲ್ಲುತ್ತಿತ್ತು ಅಂತ ಅವನು ಫೋನಿನಲ್ಲಿ ಹೇಳಿದ. ಹೊಸ ಪೈಪು ಹಾಕಿ, ಗಾಲಿ ಬದಲಿಸಿ, ಊಟದ ಹೊತ್ತಿಗೆ ಗಾಡಿ ಆ ಹಿರಿಯರ ಗದ್ದೆಗೆ ಇಳಿಯಿತು. ಅವರ ಸಸಿ ಹದದಲ್ಲೇ ನಾಟಿಯಾಯಿತು, ಆಚೆ ಬದಿಯ ಉಳಿದವರದೂ ಆಯಿತು.

ಯಜಮಾನರು ಕೋಲು ಹಿಡಿದು ಓಡಾಡುವ ಹೊತ್ತಿಗೆ ಪೈರು ಹಸಿರಾಗಿತ್ತು. ಗಾಡಿಗಳ ಜವಾಬ್ದಾರಿ ಇನ್ನು ತಮ್ಮ ಕಡೆ ಬರುತ್ತದೆ ಅಂತ ಅವರೂ ಅಂದುಕೊಂಡಿರಲಿಲ್ಲ, ನಾನೂ ಕೊಡುವ ಯೋಚನೆಯಲ್ಲಿರಲಿಲ್ಲ. ಮಾವನವರು ಮಾತ್ರ ಒಂದು ದಿನ ಊಟಕ್ಕೆ ಕೂತಾಗ, ಅಂಗಡಿಗೆ ಕಾಳು ತರುವ ಲಾರಿಯಲ್ಲೂ ಇಂಥ ಮೀಟರ್ ಇರುತ್ತದೆಯೇ ಅಂತ ಕೇಳಿದರು.

"ಇರ್ತೈತಿ ಮಾವ. ಅದು ಗಂಟೆ ತೋರಿಸಲ್ಲ, ಕಿಲೋಮೀಟರ್ ತೋರಿಸ್ತೈತಿ" ಅಂದೆ.

"ಹಂಗಾರ ಸೋಮವಾರದಿಂದ ಅದನ್ನೂ ಒಂದೀಟು ನೋಡಮ್ಮ" ಅಂದು ಮಜ್ಜಿಗೆಗೆ ಕೈ ಚಾಚಿದರು.