ಸ್ಟಡಿ ಹಾಲಿಡೇಸ್ ಅಂದರೆ ಯಾರಿಗೆ ರಜೆ?

ಹೋಳಿಗೆ ಬಡಿಸುತ್ತಿದ್ದ ಹುಡುಗಿಯ ಎಡಗೈಯ ಒಳಭಾಗದಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ನೀಲಿ ಗೀಟುಗಳು.

ಮೆಹಂದಿ ಇರಬೇಕು ಅಂದುಕೊಂಡೆ. ಸೀಮಂತದ ಮನೆ, ಹದಿನೇಳರ ಹುಡುಗಿ, ಇನ್ನೇನಿರುತ್ತದೆ? ನೀಲಿ ಮೆಹಂದಿಯೂ ಬಂದಿರಬಹುದು. (ನನ್ನ ವಯಸ್ಸಿನಲ್ಲಿ ಫ್ಯಾಷನ್ ಬಗ್ಗೆ ಯಾವುದನ್ನೂ ಇಲ್ಲ ಅನ್ನುವ ಹಾಗಿಲ್ಲ.)

"ಎಲ್ಲಿ ತೋರಿಸೇ, ಚೆನ್ನಾಗಿದೆ" ಅಂತ ಕೈ ಹಿಡಿದೆ.

ಮೆಹಂದಿ ಅಲ್ಲ. ಬಾಲ್ ಪೆನ್. ಆರು ಮೂಲೆಯ ಗೂಡುಗಳು, ಮೂಲೆಯಿಂದ ಹೊರಟ ಬಾಣಗಳು, ಇಂಗ್ಲಿಷ್ ಅಕ್ಷರಗಳ ಕಾಲಬುಡದಲ್ಲಿ ಪುಟ್ಟ ಪುಟ್ಟ ಅಂಕಿಗಳು. ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ಸವೆಸಿದರೂ ಪಿಯುಸಿಯಲ್ಲಿ ನನ್ನ ಪ್ರಾಣ ಹಿಂಡಿದ ಬೆನ್ಜೀನನ್ನು ನಾನು ಮರೆತಿಲ್ಲ.

"ಏನೇ ಇದು?"

"ಕೆಮಿಸ್ಟ್ರಿ, ಮಾಮಿ. ಬಡಿಸ್ತಾ ಬಡಿಸ್ತಾ ನೋಡಿಕೊಳ್ಳಲಿಕ್ಕೆ."

"ಎಕ್ಸಾಂ ಯಾವಾಗ?"

"ನಾಳೈಕ್ಕು" ಅಂದಳು, ತಮಿಳಿನಲ್ಲಿ. ಆಮೇಲೆ ಕನ್ನಡದಲ್ಲಿ, "ತುಪ್ಪ ಹಾಕ್ಲಾ?"

ನಾಳೆ! ನಾಳೆ ಬೆಳಗ್ಗೆ ಪ್ಲಸ್ ಟೂ, ಅಂದರೆ ನಮ್ಮ ಕಡೆಯ ಸೆಕೆಂಡ್ ಪಿಯುಸಿ, ಪಬ್ಲಿಕ್ ಎಕ್ಸಾಂ. ಈಗ ಭಾನುವಾರ ಮಧ್ಯಾಹ್ನ ಒಂದೂವರೆ. ಈ ಹುಡುಗಿ ನನ್ನ ಹೋಳಿಗೆಗೆ ತುಪ್ಪ ಹಾಕಲು ಅನುಮತಿ ಕೇಳುತ್ತಿದ್ದಾಳೆ!

ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಳಿಯಿತು. ಆದರೆ ರುಚಿ ತಿಳಿಯಲಿಲ್ಲ.

ಈ ಮನೆಯವರನ್ನು ಪರಿಚಯ ಮಾಡಿಸಬೇಕು. ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೂರನೇ ಮಹಡಿ. ಯಜಮಾನರು ಸಸ್ಯಾಹಾರಿ ಹೋಟೆಲೊಂದರಲ್ಲಿ ಮ್ಯಾನೇಜರು, ಕುಂದಾಪುರದ ಕಡೆಯವರು. ಹೆಂಡತಿ ಸಾವಿತ್ರಿ, ನನ್ನನ್ನು ಬಾಯಿತುಂಬ ಅಕ್ಕಾ ಅನ್ನುವವಳು. ಮಗ ಪ್ರಣವ್, ಇಂಜಿನಿಯರಿಂಗ್ ಎರಡನೇ ವರ್ಷ. ಮಗಳು ಶ್ರವ್ಯಾ, ಈ ತುಪ್ಪದ ಹುಡುಗಿ. ಅಂದು ಸೀಮಂತ ಸಾವಿತ್ರಿಯ ಅಣ್ಣನ ಮಗಳದ್ದು. ಆ ಹುಡುಗಿಗೆ ತಾಯಿ ಇಲ್ಲ. ತಾಯಿಯ ಜಾಗದಲ್ಲಿ ನಿಂತು ಸಾವಿತ್ರಿಯೇ ಎಲ್ಲ ಮಾಡುತ್ತಿದ್ದಳು. ಕೆಟ್ಟ ಹೆಂಗಸಲ್ಲ, ಖಂಡಿತ ಅಲ್ಲ. ಅದೇ ನನ್ನನ್ನು ಹೆಚ್ಚು ದಂಗುಬಡಿಸಿದ್ದು.

ಮದ್ರಾಸಿನಲ್ಲಿ ಪ್ಲಸ್ ಟೂ ಅಂದರೆ ಏನೆಂದು ಹೊರಗಿನವರಿಗೆ ತಿಳಿಯದು. (ಚೆನ್ನೈ ಅನ್ನಬೇಕು, ಗೊತ್ತು. ನಾಲಿಗೆ ಹೊರಳುವುದಿಲ್ಲ.) ಪ್ಲಸ್ ಟೂ ಮಕ್ಕಳಿರುವ ಮನೆಯಲ್ಲಿ ವರ್ಷವಿಡೀ ಕರ್ಫ್ಯೂ. ಟಿವಿ ಬಂದ್. ನೆಂಟರು ಬಂದ್. ಅಮ್ಮಂದಿರು ಆಫೀಸಿಗೆ ತಿಂಗಳುಗಟ್ಟಲೆ ರಜೆ ಹಾಕಿ ಮಗುವಿನ ಬೆನ್ನಿಗೆ ಕೂರುತ್ತಾರೆ. ಪ್ರಣವ್ ಪ್ಲಸ್ ಟೂ ಬರೆದ ವರ್ಷ ಸಾವಿತ್ರಿ ಕೇಬಲ್ಲು ಕೀಳಿಸಿದ್ದಳು. ಊರಿಂದ ಬಂದ ಸ್ವಂತ ಮೈದುನನನ್ನು ಎಗ್ಮೋರಿನ ಲಾಡ್ಜಿನಲ್ಲಿ ಇಳಿಸಿದ್ದಳು. ನನ್ನ ಮನೆಗೇ ಇಳಿದು ಬಂದು, "ಅಕ್ಕಾ, ಆರು ಗಂಟೆ ಮೇಲೆ ಮಿಕ್ಸಿ ಹಾಕಬೇಡಿ, ಅವನಿಗೆ ಡಿಸ್ಟರ್ಬ್ ಆಗ್ತದೆ" ಅಂದಿದ್ದಳು. ನಾನು ಎರಡು ತಿಂಗಳು ರಾತ್ರಿ ಚಟ್ನಿಯೇ ಮಾಡಲಿಲ್ಲ.

ಆ ಸಾವಿತ್ರಿ, ಮಗಳ ಕೆಮಿಸ್ಟ್ರಿಯ ಹಿಂದಿನ ದಿನ, ಐವತ್ತು ಜನರನ್ನು ಮನೆಗೆ ಕರೆದು ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡಿದ್ದಾಳೆ.

ಮರೆತಿರಬೇಕು ಅಂದುಕೊಂಡೆ. ಮರೆತಿದ್ದರೆ ಕ್ಷಮಿಸಬಹುದು. ಅಡುಗೆಮನೆಗೆ ಹೋಗಿ ಕೇಳಿದೆ.

"ಸಾವಿತ್ರಿ, ನಾಳೆ ಶ್ರವ್ಯಾಗೆ ಎಕ್ಸಾಂ ಕಣೇ!"

"ಹೌದಕ್ಕಾ, ಗೊತ್ತುಂಟು. ಟೈಂಟೇಬಲ್ ಇಲ್ಲೇ ಅಂಟಿಸಿದ್ದೇನೆ" ಅಂತ ಫ್ರಿಜ್ ತೋರಿಸಿದಳು.

"ಮತ್ತೆ ಇವತ್ತು ಯಾಕೆ ಇಟ್ಟುಕೊಂಡೆ?"

"ಅವಳಿಗೆ ಸ್ಟಡಿ ಹಾಲಿಡೇಸ್ ಅಲ್ವಾ? ಹೇಗೂ ಮನೆಯಲ್ಲೇ ಇರ್ತಾಳೆ. ನನಗೊಂದು ಕೈ ಆಯ್ತು."

ಓದಲೆಂದು ಶಾಲೆ ಕೊಟ್ಟ ದಿನಗಳು ಈ ಮನೆಯ ಲೆಕ್ಕದಲ್ಲಿ ಬಿಡುವಿನ ದಿನಗಳು! ಶಾಲೆಯಿದ್ದರಾದರೂ ಹುಡುಗಿ ಬೆಳಗ್ಗೆ ಎಂಟಕ್ಕೆ ಪಾರಾಗುತ್ತಿದ್ದಳು.

"ಹೋದ ಆದಿತ್ಯವಾರವೇ ಇಡುವ ಅಂತ ಇತ್ತು" ಸಾವಿತ್ರಿ ಪಾಯಸಕ್ಕೆ ಗೋಡಂಬಿ ಹುರಿಯುತ್ತ ಮುಂದುವರಿಸಿದಳು. "ಆಗ ಪ್ರಣವನಿಗೆ ಇಂಟರ್ನಲ್ಸ್. ಮನೆಯಲ್ಲಿ ಗಲಾಟೆ ಆದ್ರೆ ಅವ ಓದುದು ಹೇಗೆ? ಅದಕ್ಕೇ ಭಟ್ಟರ ಹತ್ರ ಹೇಳಿ ಒಂದು ವಾರ ಮುಂದೆ ಹಾಕಿಸಿದ್ದು."

ನೀವು ಸರಿಯಾಗಿಯೇ ಓದಿದಿರಿ. ಅಣ್ಣನ ಕಾಲೇಜಿನ ಇಂಟರ್ನಲ್ಸ್‌ಗೆ, ಅಂದರೆ ಕೆಟ್ಟರೆ ಮತ್ತೊಮ್ಮೆ ಬರೆಯಬಹುದಾದ ಚಿಲ್ಲರೆ ಟೆಸ್ಟಿಗೆ, ಮುಹೂರ್ತವೇ ಸರಿದು ಕೂತಿತು. ಸರಿದು ಎಲ್ಲಿ ಕೂತಿತು? ತಂಗಿಯ ಪಬ್ಲಿಕ್ ಎಕ್ಸಾಮಿನ ಹಿಂದಿನ ದಿನ. ಟೈಂಟೇಬಲ್ಲು ಫ್ರಿಜ್ಜಿನ ಮೇಲೇ ಇದೆ. ದಿನಕ್ಕೆ ಇಪ್ಪತ್ತು ಸಲ ಎಲ್ಲರೂ ಆ ಫ್ರಿಜ್ ತೆಗೆಯುತ್ತಾರೆ.

"ಅವಳೂ ಓದಬೇಡವೇನೇ?"

"ಅವಳಿಗೆ ಹೇಗಿದ್ರೂ ಬರ್ತದೆ ಅಕ್ಕಾ. ಭಾರಿ ಹುಷಾರು. ಪ್ರಣವನ ಹಾಗಲ್ಲ, ಅವನ ಹಿಂದೆ ನಾವೇ ಕೂರಬೇಕು" ಅಂದಳು. ಹೆಮ್ಮೆಯಿಂದಲೇ ಅಂದಳು. ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಿದಳು: "ನನ್ನ ಡಿಗ್ರಿ ಎಕ್ಸಾಮಿನ ದಿನ ನಮ್ಮಕ್ಕನ ಮದುವೆ. ಬೆಳಿಗ್ಗೆ ಪೇಪರ್ ಬರೆದು ಓಡಿ ಬಂದು ಬಡಿಸಿದ್ದೇನೆ. ನಾನು ಪಾಸಾಗ್ಲಿಲ್ವಾ?"

ಪಾಸಾಗಿದ್ದಾಳೆ. ಏನಾಗಬೇಕೆಂದಿದ್ದಳೋ ನಾನು ಕೇಳಲಿಲ್ಲ.

ಶ್ರವ್ಯಾಗೆ ಏನು ಬೇಕೆಂದು ನನಗೆ ಗೊತ್ತು. ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೇಳಿದ್ದಾಳೆ. ಸರ್ಕಾರಿ ಕಾಲೇಜಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್. ಇಲ್ಲಿ ಸೀಟು ಸಿಗುವುದು ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಸೇರಿಸಿ ಮಾಡುವ ಕಟ್-ಆಫ್ ಮೇಲೆ. ಅರ್ಧ ಮಾರ್ಕು ಜಾರಿದರೆ ಎಷ್ಟೋ ಜನ ದಾಟಿಕೊಂಡು ಮುಂದೆ ಹೋಗಿರುತ್ತಾರೆ. ಪ್ರಣವನಿಗೆ ಕಟ್-ಆಫ್ ಬರದಿದ್ದಾಗ ಪ್ರೈವೇಟ್ ಕಾಲೇಜು ಸಿಕ್ಕಿತು. ಶ್ರವ್ಯಾಗೆ ಬರದಿದ್ದರೆ ಪಕ್ಕದ ರಸ್ತೆಯ ಕಾಲೇಜಿನಲ್ಲಿ ಬಿಕಾಂ, ಅಂತ ಅವಳಪ್ಪ ಈಗಾಗಲೇ ಹೇಳಿಟ್ಟಿದ್ದಾರೆ. ಅಂದರೆ ಹುಷಾರಿಲ್ಲದವನಿಗೆ ಎರಡು ದಾರಿ, ಹುಷಾರಿರುವವಳಿಗೆ ಒಂದೇ. ಆ ಒಂದು ದಾರಿಯಲ್ಲೂ ಇವತ್ತು ಐವತ್ತು ಎಲೆ ಹಾಸಿದ್ದಾರೆ!

ನನಗೆ ಸಿಟ್ಟು ಬಂದರೆ ತಡೆಯುವುದು ಕಷ್ಟ. "ಅವಳನ್ನು ನಮ್ಮ ಮನೆಗೆ ಕರಕೊಂಡು ಹೋಗ್ತೀನಿ, ಅಲ್ಲಿ ಓದಿಕೊಳ್ಳಲಿ" ಅಂದೆ.

"ಆಯ್ತಕ್ಕಾ, ಎಲೆ ತೆಗೆದು ಆದ ಮೇಲೆ ಕಳಿಸ್ತೇನೆ."

"ಎಲೆ ಪ್ರಣವ್ ತೆಗೀಲಿ."

ಅಡುಗೆಮನೆಯಲ್ಲಿದ್ದ ನಾಲ್ಕು ಹೆಂಗಸರು ಒಟ್ಟಿಗೆ ನಕ್ಕರು. ನಾನು ಜೋಕ್ ಮಾಡಿದೆ ಅಂದುಕೊಂಡರು! ಪ್ರಣವ್ ಆ ಹೊತ್ತಿನಲ್ಲಿ ಒಳಗಿನ ಕೋಣೆಯಲ್ಲಿ ಎಸಿ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮಲಗಿದ್ದ. ಅವನನ್ನು ಬೈಯಲಾರೆ. ಹೇಳಿದ್ದರೆ ಪಾಪ, ತೆಗೆಯುತ್ತಿದ್ದನೇನೋ. ಯಾರೂ ಹೇಳಿಲ್ಲ, ಹುಟ್ಟಿದಾಗಿನಿಂದ.

ನಾನು ಶ್ರವ್ಯಾಳ ಕೈಯಿಂದ ತುಪ್ಪದ ಗಿಂಡಿ ಕಿತ್ತು ಪಕ್ಕಕ್ಕಿಟ್ಟು, ಪುಸ್ತಕಗಳ ಸಮೇತ ಅವಳನ್ನು ಕೆಳಗೆ ಕರೆದುಕೊಂಡು ಬಂದೆ. ಮೊದಲು ಸೋಪು ಕೊಟ್ಟು ಕೈ ತಿಕ್ಕಿಸಿದೆ. (ಅದನ್ನಿಟ್ಟುಕೊಂಡು ನಾಳೆ ಎಕ್ಸಾಂ ಹಾಲಿಗೆ ಹೋದರೆ ಕಾಪಿ ಅಂತ ಹಿಡಿದಾರು.) ನನ್ನ ಕೋಣೆಯಲ್ಲಿ ಮೇಜು ಖಾಲಿ ಮಾಡಿ, ಫ್ಯಾನ್ ಹಾಕಿ, ಬಾಗಿಲು ಮುಂದೆ ಮಾಡಿದೆ. ಅವಳು ಪುಸ್ತಕ ತೆಗೆದ ರೀತಿ ನೋಡಬೇಕಿತ್ತು. ಹಸಿದವರು ಎಲೆಯ ಮುಂದೆ ಕೂತ ಹಾಗೆ.

ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಯಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮೆಚ್ಚುಗೆಗೆ ಇನ್ನೊಂದು ಕಾರಣವೂ ಇತ್ತು. ಆ ವಾರವೇ ನಮ್ಮ ಕನ್ನಡ ಹೆಂಗಸರ ಕೂಟದಲ್ಲಿ ಮಹಿಳಾ ದಿನದ ಕಾರ್ಯಕ್ರಮ. ಭಾಷಣ ನನ್ನದು. ವಿಷಯ: ಜಗತ್ತಿನಲ್ಲಿ ಹೆಣ್ಣುಮಕ್ಕಳ ಓದು. ನಾಲ್ಕು ದಿನಗಳಿಂದ ಪಾಯಿಂಟ್ಸ್ ಬರೆದುಕೊಳ್ಳುತ್ತಿದ್ದೆ. ಅಫ್ಘಾನಿಸ್ತಾನದಲ್ಲಿ ಆರನೇ ಕ್ಲಾಸು ದಾಟಿದ ಹುಡುಗಿಯರಿಗೆ ಶಾಲೆಯೇ ಇಲ್ಲ. ಇನ್ನೆಲ್ಲೋ ನೀರು ಹೊರಲು ಹೋದವಳು ವಾಪಸು ಬರುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಮತ್ತೆಲ್ಲೋ ಶಾಲೆಯಲ್ಲಿ ಟಾಯ್ಲೆಟ್ ಇಲ್ಲ ಅಂತ ದೊಡ್ಡವಳಾದ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಬರೆಯುವಾಗ ಕಣ್ಣು ಒದ್ದೆಯಾಗಿತ್ತು. ಎಷ್ಟು ದೂರದ ಹುಡುಗಿಯರಿಗಾಗಿ ಎಷ್ಟು ಸುಲಭವಾಗಿ ಕಣ್ಣು ಒದ್ದೆಯಾಗುತ್ತದೆ ನೋಡಿ.

ಹಾಲಿನಲ್ಲಿ ಕೂತು ಹೊಸ ಪ್ಯಾರಾ ಶುರು ಮಾಡಿದೆ. ಶ್ರವ್ಯಾ ಯಾವ ವರದಿಯಲ್ಲಿ ಬರುತ್ತಾಳೆ? ಯಾವುದರಲ್ಲೂ ಇಲ್ಲ. ಅವಳು ಶಾಲೆಗೆ ಹೋಗುವ ಹುಡುಗಿ. ಹೆಸರು ಹಾಜರಿಯಲ್ಲಿದೆ, ಯೂನಿಫಾರ್ಮ್ ಇದೆ, ಬಸ್ ಪಾಸ್ ಇದೆ. ಯಾವ ಸರ್ವೆಯವರು ಬಂದರೂ ಸಂತೋಷದಿಂದ ಟಿಕ್ ಹಾಕಿ ಹೋಗುತ್ತಾರೆ. ಅವಳ ಶಾಲೆಯನ್ನು ಯಾರೂ ಕಿತ್ತುಕೊಂಡಿಲ್ಲ. ಕೂತು ಓದುವ ಗಂಟೆಗಳನ್ನು ಮಾತ್ರ ಒಂದೊಂದಾಗಿ ತೆಗೆದುಕೊಳ್ಳುತ್ತಾರೆ, ಅದೂ ಜಾಣೆ ಅಂತ ಬೆನ್ನು ತಟ್ಟಿ!

ಪ್ಯಾರಾ ಬಹಳ ಚೆನ್ನಾಗಿ ಬರುತ್ತಿತ್ತು. ಆಗ ಬೆಲ್ ಆಯಿತು.

"ಶ್ರವ್ಯಾ, ಯಾರು ನೋಡಮ್ಮ ಸ್ವಲ್ಪ!"

ನಾನೇ ಕೂಗಿದ್ದು. ತಲೆ ಎತ್ತದೆ ಕೂಗಿದೆ. ಪೆನ್ನು ನಿಲ್ಲಿಸದೆ ಕೂಗಿದೆ.

ಕೋಣೆಯ ಬಾಗಿಲು ತೆರೆಯಿತು. ಹುಡುಗಿ ಹೊರಗೆ ಬಂದಳು, ನನ್ನನ್ನು ದಾಟಿದಳು. ಮುಂಬಾಗಿಲಿಗೆ ನಾಲ್ಕೇ ಹೆಜ್ಜೆ ದೂರದಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರನ್ನೂ ದಾಟಿದಳು. ಇಸ್ತ್ರಿಯವರು ಬಂದಿದ್ದರು. ಬಟ್ಟೆಯ ಗಂಟು ಇಸಿದುಕೊಂಡಳು, ಎಣಿಸಿದಳು, ಒಳಗೆ ತಂದು ಮಂಚದ ಮೇಲಿಟ್ಟಳು. ನಮ್ಮವರು ಪುಟ ತಿರುವಿದರು. ರೈಲ್ವೆಯಿಂದ ರಿಟೈರ್ ಆದವರು, ಮಾಂಬಲಂ ಸ್ಟೇಷನ್ನಿನಲ್ಲಿ ಹೋಗುವ ರೈಲು ಫಾಸ್ಟೋ ಸ್ಲೋವೋ ಅಂತ ಮನೆಯಲ್ಲಿ ಕೂತೇ ಹೇಳುತ್ತಾರೆ. ಬೆಲ್ಲು ಮಾತ್ರ ಅವರಿಗೆ ಕೇಳಿಸುವುದಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಕೇಳಿಸಬೇಕೆಂದು ನಾನು ಹೇಳಿಯೂ ಇಲ್ಲ.

ಶ್ರವ್ಯಾ ನನ್ನ ಹತ್ತಿರ ಬಂದು ನಿಂತಳು.

"ಮಾಮಿ, ಇನ್ನೂ ಏನಾದ್ರೂ ಉಂಟಾ? ಇದ್ರೆ ಒಟ್ಟಿಗೇ ಹೇಳಿಬಿಡಿ. ಎಲ್ಲ ಮುಗಿಸಿ ಆಮೇಲೆ ಓದ್ತೇನೆ."

ವ್ಯಂಗ್ಯ ಇರಲಿಲ್ಲ. ಬೇಸರವೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವವರ ದನಿ. 'ಇನ್ನೂ' ಅಂದಳಲ್ಲ, ಆಗ ನೆನಪಾಯಿತು. ಅದು ಮೂರನೆಯ ಸಲ. ಮೊದಲು ಚಾರ್ಜರ್ ಕೇಳಿದ್ದೆ. ಆಮೇಲೆ, ದೇವರೇ, ಅಫ್ಘಾನಿಸ್ತಾನಕ್ಕೆ ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಕೇಳಿದ್ದೆ.

ಮುಖ ಬಿಸಿಯಾಯಿತು. "ಏನೂ ಇಲ್ಲ, ಹೋಗಿ ಓದು" ಅಂದು ಪೆನ್ನಿನ ಮುಚ್ಚಳ ಹಾಕಿದೆ. ಮೇಲಿನ ಮನೆಯವಳನ್ನು ಅಷ್ಟು ಹೊತ್ತಿನಿಂದ ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿ ನಿಲ್ಲಿಸಿದ್ದೆ. ಅವಳಿಗಾದರೂ ತಾಯಿಲ್ಲದ ಬಸುರಿ, ಐವತ್ತು ಜನ, ಒಂದು ಶಾಸ್ತ್ರ ಅನ್ನುವ ಕಾರಣವಿತ್ತು. ನನಗೆ? ಒಂದು ಭಾಷಣ.

ಸೋಮವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಸಿಕ್ಕಳು. ಹೇಗಾಯಿತು ಅಂತ ಕೇಳಿದೆ. "ಒಂದು ಫೈವ್ ಮಾರ್ಕ್ ಬಿಟ್ಟೆ ಮಾಮಿ. ಆ ಲೆಸನ್ ರಿವೈಸ್ ಮಾಡ್ಲಿಕ್ಕೆ ಟೈಮ್ ಆಗ್ಲಿಲ್ಲ. ಪರವಾಯಿಲ್ಲೆ" ಅಂದು, ನನಗೇ ಸಮಾಧಾನ ಮಾಡುವವಳಂತೆ ನಕ್ಕು ಹತ್ತಿ ಹೋದಳು. ಯಾವ ಲೆಸನ್ನು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಐದು ಮಾರ್ಕು. ಕಟ್-ಆಫ್‌ನಲ್ಲಿ ಅದು ಎಲ್ಲಿಗೆ ಇಳಿಸುತ್ತದೋ, ಮೇ ತಿಂಗಳವರೆಗೆ ನಾನೂ ಉಸಿರು ಬಿಗಿಹಿಡಿದು ಕಾಯಬೇಕು. ಅದರಲ್ಲಿ ನನ್ನ ಪಾಲು ಎಷ್ಟೋ ನನಗೆ ಗೊತ್ತಿಲ್ಲ. ಏನೂ ಇಲ್ಲ ಅಂತ ಮಾತ್ರ ಹೇಳಲಾರೆ.

ಭಾಷಣ ಮಾಡಿದೆ. ಅಫ್ಘಾನಿಸ್ತಾನ ಬಂತು, ನೀರಿನ ಕೊಡ ಬಂತು, ಜೋರಾಗಿ ಚಪ್ಪಾಳೆ ಬಿತ್ತು. ಇಬ್ಬರು ಕಣ್ಣೊರೆಸಿಕೊಂಡರು. ಭಾನುವಾರ ಮಧ್ಯಾಹ್ನದ್ದು ಮಾತ್ರ ಬಾಯಿಂದ ಹೊರಡಲಿಲ್ಲ. ಎದುರು ಕೂತವರ ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ, ನಿಮ್ಮ ಮುಖ ಕಾಣದ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಬೈಯುವುದಿದ್ದರೆ ಬೈಯಿರಿ. ಅದಕ್ಕೆ ಮೊದಲು ಒಂದೇ ಒಂದು ಹೇಳಿ. ನಿಮ್ಮ ಮನೆಯಲ್ಲಿ ಬೆಲ್ ಆದಾಗ, ನಿಮ್ಮ ಬಾಯಿಗೆ ಮೊದಲು ಬರುವುದು ಯಾರ ಹೆಸರು?