ಕಠಾರಿಯ ಹಿಡಿಯೊಳಗಿನ ಕಂಕಣ

ನಂಬದಿದ್ದರೆ ಬಿಡಿ, ನಾನೇನೂ ಆಣೆ ಹಾಕುವುದಿಲ್ಲ. ಕೊಪ್ಪಳದ ನನ್ನ ಅಂಗಡಿಯಲ್ಲಿ, ಇದೇ ಕಿವಿಯಿಂದ ಕೇಳಿದ್ದನ್ನು ಹೇಳುತ್ತಿದ್ದೇನೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ.

ಹಳೇ ಕತ್ತಿ, ಕಠಾರಿಗಳನ್ನು ಪರೀಕ್ಷಿಸಿ ಮೊದಲಿನ ರೂಪಕ್ಕೆ ತರುವುದು ನನ್ನ ಕೆಲಸ. ಜನ ಅಜ್ಜನ ಕಾಲದ ಉಕ್ಕಿಗೆ ನಿಕ್ಕಲ್ ಬಳಿಸಿ, ಹಿಡಿಗೆ ಬಣ್ಣದ ಗಾಜು ಕೂರಿಸಿ ಕೆಡಿಸಿರುತ್ತಾರೆ. ಅಂಥದ್ದು ಕಂಡರೆ ನನಗೆ ಮೈ ಉರಿಯುತ್ತದೆ.

ಇರಕಲ್ಲಗಡದ ಸಿದ್ದಮ್ಮ ತಂದ ಕಠಾರಿಯೂ ಹಾಗೇ ಇತ್ತು. ಆಕೆಯ ಒಬ್ಬನೇ ಮಗ ಬಸವರಾಜನಿಗೆ ಆ ವಾರವೇ ಮದುವೆ. ನಮ್ಮ ಕಡೆ ಅರಿಷಿಣ ಹಚ್ಚಿದಾಗಿನಿಂದ ಮದುಮಗ ಕಠಾರಿ ಹಿಡಿದೇ ಇರಬೇಕು, ಗಾಳಿ ಸೋಕಬಾರದೆಂದು. ಅವನ ಮುಂಗೈಗೂ ಕಠಾರಿಗೂ ಅರಿಷಿಣದ ದಾರದ ಕಂಕಣ ಕಟ್ಟುತ್ತಾರೆ. ಮದುವೆಯಾದ ಮೇಲೆ ಮದುಮಗಳೇ ಅದನ್ನು ಬಿಚ್ಚಬೇಕು.

“ನಮ್ಮ ಮಾವ ಇದನ್ನ ಯಾರಿಗೂ ಮುಟ್ಟಗೊಡ್ತಿದ್ದಿಲ್ರಿ. ನಮ್ಮ ಯಜಮಾನ್ರು ಮದುವ್ಯಾಗ ಬ್ಯಾರೇದ್ದು ಹಿಡ್ಕೊಂಡ್ರು. ವರ್ಷ ತುಂಬೋದ್ರಾಗ ಹೋಗಿಬಿಟ್ರು,” ಎಂದಳು ಸಿದ್ದಮ್ಮ. “ಮಗಗ ಹಂಗಾಗಬಾರದು. ಮ್ಯಾಲಿನ ಥಳಕೆಲ್ಲಾ ತೆಗೀರಿ. ಮೊದಲ ಹೆಂಗಿತ್ತೋ ಹಂಗ ಮಾಡಿಕೊಡ್ರಿ.”

ನಿಕ್ಕಲ್ ಕೆರೆದು ಮುಗಿಸುವಷ್ಟರಲ್ಲಿ ಕತ್ತಲಾಯಿತು. ಕರೆಂಟ್ ಹೋಯಿತು. ಚಿಮಣಿ ದೀಪ ಹಚ್ಚಿ, ಹಿಡಿಯನ್ನು ಕೆಂಡದ ಮೇಲೆ ಹಿಡಿದೆ. ಒಳಗಿನ ಅರಗು ಕರಗಿದರೆ ಅಲಗು ಹೊರಗೆ ಬರುತ್ತದೆ.

ಬಂತು. ಸುಟ್ಟ ಅರಗಿನ ವಾಸನೆಯ ಜೊತೆಗೆ... ಹಸಿ ಅರಿಷಿಣದ ವಾಸನೆ.

ಅಲಗಿನ ಬುಡಕ್ಕೆ ಒಂದು ಕಂಕಣ ಸುತ್ತಿತ್ತು. ಯಾವ ಕಾಲದ ಯಾವ ಮದುಮಗನದ್ದೋ! ಯಾರೂ ಬಿಚ್ಚಿರಲಿಲ್ಲ. ಅದರ ಮೇಲೆಯೇ ಹಿಡಿ ಕೂರಿಸಿ, ಗಾಜು ಹಚ್ಚಿ ಮುಚ್ಚಿಬಿಟ್ಟಿದ್ದರು. ಮುಟ್ಟಿದೆ. ದಾರ ಒದ್ದೆಯಾಗಿತ್ತು.

ಗಂಟು ಬಿಡಿಸಲು ಬರಲಿಲ್ಲ. ನನಗೆ ತಾಳ್ಮೆ ಕಡಿಮೆ. ಕತ್ತರಿ ತೆಗೆದುಕೊಂಡು ಕತ್ತರಿಸಿಬಿಟ್ಟೆ.

ಹೊರಗೆ ಬಳೆ ಸದ್ದು...

“ಕಂಕಣ ಬಿಚ್ಚಿದ್ರೇನ್ರಿ?” ಹೆಣ್ಣಿನ ದನಿ.

ಸಿದ್ದಮ್ಮ ತಿರುಗಿ ಬಂದಳೆಂದುಕೊಂಡೆ. ತಲೆ ಎತ್ತದೆ ಒಂದು ಸುಳ್ಳು ಹೇಳಿದೆ. “ಹೂಂ ಯಮ್ಮಾ, ಬಿಚ್ಚೇನಿ.”

ಬಳೆ ಸದ್ದು ಹತ್ತಿರವಾಯಿತು. ಆಮೇಲೆ, ಬಾಗಿಲ ಒಳಗಿನಿಂದಲೇ...

“ನೀವ್ಯಾಕ ಬಿಚ್ಚಿದ್ರಿ? ನಾ ಬಿಚ್ಚಬೇಕಿತ್ತು.”

ಚಿಮಣಿ ಎತ್ತಿ ಹಿಡಿದೆ. ಯಾರೂ ಇರಲಿಲ್ಲ. ಹಿಡಿಯೊಳಗೆ ಕಂಕಣವಿದ್ದದ್ದು ಸಿದ್ದಮ್ಮನಿಗೆ ಗೊತ್ತೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಮರುದಿನ ಆಕೆ ಕಠಾರಿ ನೋಡಿ ಕಣ್ಣಿಗೊತ್ತಿಕೊಂಡಳು. ಆ ಖುಷಿ ನೋಡಿ ಕಂಕಣದ ವಿಷಯ ಮುಚ್ಚಿಟ್ಟೆ. ಅದೇ ನನ್ನ ತಪ್ಪು.

ಮದುವೆಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಕಂಕಣ ಬಿಚ್ಚಿಸಲು ಗಂಡು ಹೆಣ್ಣನ್ನು ಕೂರಿಸಿದರು. ಬಸವರಾಜನ ಮುಂಗೈ ಬರಿದಾಗಿತ್ತು. ಕಠಾರಿಯೂ ಬರಿದಾಗಿತ್ತು.

“ಕಂಕಣ ಎಲ್ಲೈತೋ?” ಎಂದಳು ಸಿದ್ದಮ್ಮ.

ಅವನು ಹೆಂಡತಿ ಗಿರಿಜೆಯತ್ತ ನೋಡಿ ನಕ್ಕ. “ನಸುಕಿನ್ಯಾಗ ಇಕೀನ ಬಂದು ಬಿಚ್ಚಿಕೊಂಡು ಹೋದ್ಲಲ್ಲ? ‘ನಾನ ಬಿಚ್ಚಬೇಕಿತ್ತು’ ಅಂತಂದ್ಲು.”

ಗಿರಿಜೆ ಮೆಲ್ಲಗೆ ಅಂದಳು, “ನಾ ಬಂದೇ ಇಲ್ರಿ.”

ಬಸವರಾಜ ಗಟ್ಟಿಮುಟ್ಟಾಗಿದ್ದಾನೆ, ಎರಡು ಮಕ್ಕಳ ತಂದೆ. ಸಿದ್ದಮ್ಮ ಸಿಕ್ಕಾಗಲೆಲ್ಲ ಕೈ ಮುಗಿಯುತ್ತಾಳೆ, “ನಿಮ್ಮಿಂದ ನನ್ನ ಮಗ ಉಳದ” ಎಂದು. ನಾನು ಗಿರಿಜೆಯ ಮುಖ ನೋಡುವುದಿಲ್ಲ. ಅವನ ಮದುವೆ ಯಾರ ಜೊತೆ ಮುಗಿಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.