ಅಳತೆಗೆ ಹಿಡಿಯದ ಎಳನೀರು

ಔಷಧಿ ಕೌಂಟರಿನ ದ್ರಾಕ್ಷಾಯಣಿ ಮೇಡಮ್ ಅಂದರೆ ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ನಗು. ಅಷ್ಟು ಪುಕ್ಕಲು ಹೆಂಗಸನ್ನು ನಾನಂತೂ ಕಂಡಿಲ್ಲ. ಮಾತ್ರೆ ಕೊಟ್ಟು ಕಳಿಸಿದ ರೋಗಿಯನ್ನು ಮತ್ತೆ ಕೂಗಿ ಕರೆದು, "ಯಾವುದು ಎಷ್ಟೊತ್ತಿಗೆ? ಹೇಳಿ ನೋಡೋಣ" ಎಂದು ಪಾಠ ಒಪ್ಪಿಸಿಕೊಳ್ಳುವರು. ಹೃದಯದ ರೋಗಿಗಳಾದರಂತೂ ಮುಗಿಯಿತು. ಬೆಳಿಗ್ಗೆ ತೂಕ ನೋಡಿದಿರಾ, ಉಪ್ಪಿನಕಾಯಿ ಬಿಟ್ಟಿರಾ, ಹಳೇ ಮಾತ್ರೆ ಮನೆಯಲ್ಲಿ ಉಳಿದಿದೆಯಾ? ಹಿಂದೆ ನಿಂತವರು ಗೊಣಗಿದರೂ ಬಿಡರು. ಹಾಗೆ ಕೆದಕಿಯೇ, ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ ನುಂಗುತ್ತಿದ್ದ ಮೂವರನ್ನು ಹಿಡಿದಿದ್ದರು. ಆದರೂ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ನಾನು, ನಯನಾ, ನಗುವವರ ಪೈಕಿಯೇ.

ಅವರು ಜಾವಗಲ್ ಕಡೆಯ ತೆಂಗಿನ ತೋಟದ ಮನೆಯ ಮಗಳು. ಅರಸೀಕೆರೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು.

ಕಳೆದ ಬೇಸಿಗೆಯಲ್ಲಿ ಬಾಣಾವರದಾಚೆಯ ರೇವಣಸಿದ್ದಪ್ಪನವರು ಕಾಲು ಊದಿ, ಏದುಸಿರು ಬಿಡುತ್ತಾ ಬಂದು ಸೇರಿದರು. ಹೃದಯ ಸೋತು ಮೈಯಲ್ಲಿ ನೀರು ತುಂಬಿತ್ತು. ವಾರ ಕಳೆದು ಮನೆಗೆ ಹೊರಟಾಗ ಅವರ ಹೆಂಡತಿ ಸುಮಿತ್ರಮ್ಮನವರನ್ನು ದ್ರಾಕ್ಷಾಯಣಿ ಅರ್ಧ ಗಂಟೆ ನಿಲ್ಲಿಸಿಕೊಂಡು, ದಿನಕ್ಕೆ ಒಂದೂವರೆ ಲೀಟರ್ ನೀರು ಮಾತ್ರ, ಅದೂ ಚೊಂಬಿನಲ್ಲಿ ಅಳೆದು ಕೊಡಬೇಕೆಂದು ಹೇಳಿಕೊಟ್ಟರು.

ಹತ್ತನೆಯ ದಿನ ಸುಮಿತ್ರಮ್ಮ ಒಬ್ಬರೇ ಮಾತ್ರೆಗೆ ಬಂದರು. ನಾನೂ ಕೌಂಟರಿನ ಬಳಿ ಇದ್ದೆ.

"ಯಜಮಾನ್ರು ಹೇಗಿದ್ದಾರೆ?" ಎಂದು ದ್ರಾಕ್ಷಾಯಣಿ ಕೇಳಿದರು.

"ಊತ ಇಳಿದೈತೆ ಕಣಮ್ಮ. ನೆನ್ನೆಯಿಂದ ಕಾಲಲ್ಲಿ ಸತ್ವಾನೇ ಇಲ್ಲ ಅಂತಾರೆ. ನೀರು ಮಾತ್ರ ನೀವೇಳ್ದಂಗೆ ಅಳ್ದೇ ಕೊಡ್ತಿದೀನಿ. ಇನ್ನೂ ಬಾಯಾರ್ಕೆ ಅಂದ್ರೆ ಎಳನೀರೇ."

"ಎಷ್ಟು?"

"ದಿನಕ್ಕೆ ನಾಕೋ ಐದೋ. ತ್ವಾಟದ್ದೇ ಅಲ್ವಾ? ತಂಪು."

ದ್ರಾಕ್ಷಾಯಣಿಯವರ ಮುಖ ಬಿಳಿಚಿಕೊಂಡಿತು. ನಮ್ಮ ಸೀಮೆಯಲ್ಲಿ ಎಳನೀರನ್ನು ಯಾರು ನೀರಿನ ಲೆಕ್ಕಕ್ಕೆ ಹಿಡಿಯುತ್ತಾರೆ? ಹಾಸಿಗೆ ಹಿಡಿದವರನ್ನು ನೋಡಲು ಬರುವವರೂ ಎರಡು ಎಳನೀರು ಹಿಡಿದೇ ಬರುವುದು. ಆದರೆ ರೇವಣಸಿದ್ದಪ್ಪನವರ ಎರಡು ಮಾತ್ರೆಗಳು ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣವನ್ನು ಉಳಿಸುವಂಥವು. ಎಳನೀರಿನಲ್ಲೂ ಅದೇ ತುಂಬಿದೆ. ಅದು ಮಿತಿ ಮೀರಿದರೆ ಕೈಕಾಲು ಸೋಲುತ್ತವೆ, ಹೃದಯ ಹೇಳದೆ ಕೇಳದೆ ನಿಂತುಬಿಡಬಹುದು.

"ಎಲ್ಲಾ ಹೇಳಿದೆ ನಯನಾ, ಎಳನೀರು ಹೇಳಲಿಲ್ಲ ಕಣೇ" ಎಂದರು. ಅದನ್ನೇ ಕುಡಿದು ಬೆಳೆದವರಿಗೆ ಅದು ಹೇಳಬೇಕಾದ ವಿಷಯ ಎಂದು ಹೊಳೆದೇ ಇರಲಿಲ್ಲ.

ರೇವಣಸಿದ್ದಪ್ಪನವರಿಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ತೋಟಕ್ಕೆ ಹೋದರೆ ಮನೆಯಲ್ಲೇ ಬಿಟ್ಟು ಹೋಗುತ್ತಾರೆ ಎಂದು ಸುಮಿತ್ರಮ್ಮ ಅಳತೊಡಗಿದರು. ಡಾಕ್ಟರು ಆಂಬುಲೆನ್ಸ್ ಕಳಿಸಿದರು. ದ್ರಾಕ್ಷಾಯಣಿಯೂ ಹತ್ತಿಕೊಂಡರು. ಹೊರಗೆ ಒಂದೊಂದು ಗಾಡಿ ಸದ್ದಾದಾಗಲೂ ನಾನು ಬಾಗಿಲಿಗೆ ಬಂದು ನೋಡುತ್ತಿದ್ದೆ.

ರೇವಣಸಿದ್ದಪ್ಪನವರನ್ನು ತಂದಾಗ ಜೀವವಿತ್ತು. "ನಂಗೇನಾಗೈತೆ ಅಂತ ಹಿಂಗೆ ಹೊತ್ಕೊಂಡ್ ಬಂದ್ರಿ?" ಎಂದು ಗೊಣಗಿದರು ಸಹ. ಇಸಿಜಿ ನೋಡಿದ ಡಾಕ್ಟರು ಕೂಡಲೇ ಇಂಜೆಕ್ಷನ್ ತೆಗೆದುಕೊಂಡರು. ರಕ್ತ ನಾನೇ ತೆಗೆದೆ. ಪೊಟ್ಯಾಸಿಯಂ ಐದರ ಆಸುಪಾಸು ದಾಟಬಾರದು, ಏಳು ದಾಟಿತ್ತು.

ದ್ರಾಕ್ಷಾಯಣಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. "ಅವರಿಗೇನಾದ್ರೂ ಆದ್ರೆ ನಾನು ಇನ್ನು ಆ ಕೌಂಟರಲ್ಲಿ ಕೂರಲ್ಲ. ಕೂರೋಕಾಗಲ್ಲ" ಎಂದರು.

ಮಧ್ಯಾಹ್ನದ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಐದೂ ಮುಕ್ಕಾಲಿಗೆ ಇಳಿದಿತ್ತು. ಸಂಜೆಯ ಪರೀಕ್ಷೆಯ ಚೀಟಿಯಲ್ಲಿ ಐದೇ. ಆ ಚೀಟಿ ಹಿಡಿದು ದ್ರಾಕ್ಷಾಯಣಿ ಮಗುವಿನಂತೆ ಅತ್ತರು.

ಮೂರನೆಯ ದಿನ ಸುಮಿತ್ರಮ್ಮ ಕೌಂಟರಿಗೆ ಬಂದು ಕೈಮುಗಿದರು. "ನೀವು ಕೇಳ್ದೆ ಹೋಗಿದ್ರೆ ನನ್ನ ಗತಿ ಏನಮ್ಮ? ಇನ್ಮೇಲೆ ಒಂದು ತೊಟ್ಟೂ ಕೊಡಲ್ಲ. ಈಗ ನಮ್ಮ ಮೈದುನ ಎಳ್ಡು ಎಳನೀರು ತಂದಿದ್ದ. ದಂಡ ಆಗೋದ್ಯಾಕೆ ಅಂತ ಪಕ್ಕದ ಹಾಸಿಗೆ ಚನ್ನಪ್ಪನೋರಿಗೆ ಕೊಟ್ಟು ಬಂದೆ. ಪಾಪ, ಅವರ್ಗೂ ಎದೆ ಕಾಯ್ಲೆ."

ಚನ್ನಪ್ಪನವರಿಗೂ ಅವೇ ಮಾತ್ರೆ. ದ್ರಾಕ್ಷಾಯಣಿ ಕೌಂಟರಿನ ಬಾಗಿಲು ತೆರೆದಿಟ್ಟೇ ವಾರ್ಡಿನ ಕಡೆ ಓಡಿದರು. ನನಗೆ ನಗು ಬರಲಿಲ್ಲ. ನಾನೂ ಅವರ ಹಿಂದೆಯೇ ಓಡಿದೆ.